ಎಚ್.ಐ.ವಿ. ಪರೀಕ್ಷೆ: ಸಲಹೆ ಯಾರಿಗೆ, ಒಪ್ಪಿಗೆ ಯಾರದು?

ಕೆಲವು ವರ್ಷಗಳ ಹಿಂದೆ ಕೈಗಾರಿಕಾ ವಸಾಹತುವೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಘಟಕವೊಂದರ ಲೆಕ್ಕಪರಿಶೋಧನೆಯಲ್ಲಿ ತೊಡಗಿದ್ದೆ. ‘ಸಿಬ್ಬಂದಿ ಕಲ್ಯಾಣ ವೆಚ್ಚ’ ಎಂಬ ಶೀರ್ಷಿಕೆಯಡಿಯಲ್ಲಿ ಖಾಸಗಿ ಪ್ರಯೋಗಾಲಯವೊಂದರ ಬಿಲ್ಲು ಇತ್ತು. ಮೂವತ್ತಾರು ಕಾರ್ಮಿಕರ ವಾರ್ಷಿಕ ಆರೋಗ್ಯ ತಪಾಸಣೆಗೆ ಸಂಬಂಧಿಸಿದ ಬಿಲ್ಲು ಅದು. ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಎದೆಯ ಕ್ಷ-ಕಿರಣ ಚಿತ್ರ ಇವುಗಳ ಸಾಲಿನಲ್ಲೇ ‘ಎಚ್.ಐ.ವಿ., 36 ಜನ’ ಎಂದೂ ನಮೂದಾಗಿತ್ತು. ವೋಚರಿನ ಹಿಂಬದಿಗೆ ಪಿನ್ ಹಾಕಿದ್ದ ಪಟ್ಟಿಯಲ್ಲಿ ಮೂವತ್ತಾರು ಹೆಸರುಗಳೂ ಫಲಿತಾಂಶಗಳೂ ಇದ್ದವು. ಒಂದು ಹೆಸರಿನ ಮುಂದೆ ಕೆಂಪು ಶಾಯಿಯ ಗುರುತಿತ್ತು.

ಆ ಪಟ್ಟಿಯನ್ನು ಮೊದಲು ನೋಡಿದವನು ನಾನಲ್ಲ; ನಮ್ಮ ಕಚೇರಿಯ ಇಪ್ಪತ್ತೆರಡು ವರ್ಷದ ತರಬೇತಿ ವಿದ್ಯಾರ್ಥಿ. ಅವನಿಗೂ ಮೊದಲು ಕಾರ್ಖಾನೆಯ ಗುಮಾಸ್ತರು ನೋಡಿದ್ದರು, ಅದಕ್ಕೂ ಮೊದಲು ವ್ಯವಸ್ಥಾಪಕರು ನೋಡಿದ್ದರು. ನೋಡದೇ ಇದ್ದವರು ಒಬ್ಬರೇ: ಆ ಹೆಸರಿನ ಕಾರ್ಮಿಕರು. ತಮ್ಮ ರಕ್ತದಲ್ಲಿ ಎಚ್.ಐ.ವಿ. ಪರೀಕ್ಷೆ ನಡೆದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಮಾಲೀಕರನ್ನು ವಿಚಾರಿಸಿದೆ. ಅವರು ಸಜ್ಜನರು, ಯಾರಿಗೂ ಕೇಡು ಬಯಸುವವರಲ್ಲ. “ಪ್ರಯೋಗಾಲಯದವರು ಪ್ಯಾಕೇಜ್ ಕೊಟ್ಟರು ಸ್ವಾಮಿ, ಅದರಲ್ಲಿ ಇದೂ ಸೇರಿತ್ತು. ಇರಲಿ ಅಂತ ಮಾಡಿಸಿದೆವು” ಎಂದರು. ಸ್ವಲ್ಪ ತಡೆದು, “ಆ ಮನುಷ್ಯನ ಲೆಕ್ಕ ಚುಕ್ತಾ ಮಾಡಿ ಕಳುಹಿಸೋಣ ಅಂತ ಯೋಚನೆ ಮಾಡ್ತಾ ಇದ್ದೀವಿ” ಎಂದೂ ಸೇರಿಸಿದರು. ಒಂದು ಪ್ಯಾಕೇಜಿನ ದೆಸೆಯಿಂದ ಹನ್ನೊಂದು ವರ್ಷ ದುಡಿದ ಕಾರ್ಮಿಕನೊಬ್ಬ ಕಾರಣವೇ ತಿಳಿಯದೆ ಬೀದಿಗೆ ಬೀಳುವುದರಲ್ಲಿದ್ದ. ಅಂದು ಸಂಜೆ ನಾವು ಲೆಕ್ಕಪತ್ರ ಮುಚ್ಚಿಟ್ಟು ಮಾತನಾಡಿದ ವಿಷಯವನ್ನೇ ಈ ಲೇಖನದಲ್ಲಿ ನಮ್ಮ ಸದಸ್ಯ ಬಾಂಧವರ ಗಮನಕ್ಕೆ ತರಲು ಬಯಸುತ್ತೇನೆ.

ಸಲಹೆ ಬೇರೆ, ಕಡ್ಡಾಯ ಬೇರೆ

ಎಚ್.ಐ.ವಿ. ಪರೀಕ್ಷೆ ಬೇಡವೆಂಬುದು ನನ್ನ ವಾದವಲ್ಲ. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ಅಂದು ಚಿಕಿತ್ಸೆಯಿರಲಿಲ್ಲ, ಪರೀಕ್ಷೆಯಿಂದ ತಿಳಿಯುತ್ತಿದ್ದುದು ದುಃಖದ ಸುದ್ದಿ ಮಾತ್ರ. ಇಂದು ಸ್ಥಿತಿ ಹಾಗಿಲ್ಲ. 2004ರ ಏಪ್ರಿಲ್‌ನಿಂದ ಸರಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧಿಯನ್ನು ಉಚಿತವಾಗಿ ಕೊಡಲಾಗುತ್ತಿದೆ. ಮೊದಲು ರೋಗನಿರೋಧಕ ಶಕ್ತಿ ಇಷ್ಟರಮಟ್ಟಿಗೆ ಕುಸಿದ ನಂತರವೇ ಔಷಧಿ ಎಂಬ ನಿಯಮವಿತ್ತು. 2017ರಿಂದ ಸೋಂಕು ದೃಢಪಟ್ಟ ಪ್ರತಿಯೊಬ್ಬರಿಗೂ ಕೂಡಲೇ ಚಿಕಿತ್ಸೆ ಆರಂಭಿಸುವ ನೀತಿ ಜಾರಿಯಲ್ಲಿದೆ. ಕ್ರಮವಾಗಿ ಔಷಧಿ ಸೇವಿಸುವವರು ದಶಕಗಳ ಕಾಲ ದುಡಿದು ಬಾಳಬಲ್ಲರು. ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ.

ಆದುದರಿಂದ ಬೇಗ ತಿಳಿಯುವುದು ಲಾಭ, ತಡವಾಗಿ ತಿಳಿಯುವುದು ನಷ್ಟ. ಆದರೆ ತಿಳಿಯಬೇಕಾದವರು ಯಾರು? ಸ್ವತಃ ಆ ವ್ಯಕ್ತಿ ಮತ್ತು ಅವರಿಗೆ ಚಿಕಿತ್ಸೆ ನೀಡುವ ವೈದ್ಯರು. ಆಸ್ಪತ್ರೆಯಲ್ಲಿ ವೈದ್ಯರು ‘ಈ ಪರೀಕ್ಷೆ ಮಾಡಿಸಿಕೊಳ್ಳುವುದು ನಿಮಗೆ ಒಳ್ಳೆಯದು’ ಎಂದು ಕಾರಣ ಸಹಿತ ಹೇಳಿ, ಒಪ್ಪಿಗೆ ಪಡೆದು, ಫಲಿತಾಂಶವನ್ನು ಆ ವ್ಯಕ್ತಿಗೇ ತಿಳಿಸುವುದು ಸಲಹೆ. ಮಾಲೀಕರು, ಗುತ್ತಿಗೆದಾರರು ಅಥವಾ ಪ್ರಯೋಗಾಲಯದವರು ಕೇಳದೆ ರಕ್ತ ತೆಗೆದು ಪಟ್ಟಿ ತಯಾರಿಸುವುದು ಸಲಹೆಯಲ್ಲ, ಅತಿಕ್ರಮಣ.

ಯಾರಿಗೆ ಸಲಹೆ ನೀಡಬೇಕು?

ಹಾಗಾದರೆ ಆಸ್ಪತ್ರೆಗೆ ಬರುವವರ ಪೈಕಿ ವೈದ್ಯರು ತಾವಾಗಿಯೇ ಈ ಪರೀಕ್ಷೆಯ ಮಾತೆತ್ತಬೇಕಾದದ್ದು ಯಾರೊಡನೆ? ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು:

1. ಎಲ್ಲ ಗರ್ಭಿಣಿಯರು. ಯಾವ ಚಿಕಿತ್ಸೆಯೂ ಇಲ್ಲದಿದ್ದಲ್ಲಿ ಸೋಂಕಿತ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ. 15ರಿಂದ 45ರವರೆಗೆ ಇರುತ್ತದೆ. ಸಕಾಲದಲ್ಲಿ ಔಷಧಿ ದೊರೆತರೆ ಅದನ್ನು ಶೇ. 5ಕ್ಕಿಂತ ಕೆಳಗೆ ಇಳಿಸಬಹುದು. ಒಂದು ಪರೀಕ್ಷೆಯಿಂದ ಇಷ್ಟು ದೊಡ್ಡ ಉಳಿತಾಯವಾಗುವ ಸಂದರ್ಭ ವೈದ್ಯಕೀಯದಲ್ಲಿ ವಿರಳ.

2. ಕ್ಷಯರೋಗಿಗಳು ಮತ್ತು ಕ್ಷಯದ ಶಂಕೆಯಿರುವವರು. ಈ ಎರಡು ರೋಗಗಳು ಜೊತೆಜೊತೆಯಾಗಿ ಸಾಗುತ್ತವೆ. ನಿರೋಧಕ ಶಕ್ತಿ ಕುಗ್ಗಿದವರಲ್ಲಿ ಕ್ಷಯ ತಲೆಯೆತ್ತುತ್ತದೆ; ಎಚ್.ಐ.ವಿ. ಸೋಂಕಿತರ ಸಾವಿಗೆ ಕ್ಷಯವೇ ಪ್ರಮುಖ ಕಾರಣ. ಆದುದರಿಂದ ಕ್ಷಯರೋಗಿಗೆ ಎಚ್.ಐ.ವಿ. ಪರೀಕ್ಷೆಯ ಸಲಹೆ, ಎಚ್.ಐ.ವಿ. ಸೋಂಕಿತರಿಗೆ ಕ್ಷಯದ ತಪಾಸಣೆ, ಎರಡೂ ನಿಯಮಿತವಾಗಿ ನಡೆಯಬೇಕು.

3. ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಪಡೆಯಲು ಬಂದವರು, ಹಾಗೆಯೇ ಹೆಪಟೈಟಿಸ್ ‘ಬಿ’ ಅಥವಾ ‘ಸಿ’ ಇರುವವರು. ಇವು ಹರಡುವ ಮಾರ್ಗಗಳೂ ಎಚ್.ಐ.ವಿ. ಹರಡುವ ಮಾರ್ಗಗಳೂ ಬಹುಮಟ್ಟಿಗೆ ಒಂದೇ.

4. ಶಂಕೆ ಮೂಡಿಸುವ ಲಕ್ಷಣಗಳಿರುವವರು. ತಿಂಗಳುಗಟ್ಟಲೆ ಬಿಡದ ಜ್ವರ ಅಥವಾ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ಬಾಯಿಯಲ್ಲಿ ಬಿಳಿ ಬೂಷ್ಟು, ಯುವಕರಲ್ಲಿ ಸರ್ಪಸುತ್ತು ಇತ್ಯಾದಿ.

5. ಸೋಂಕಿತರ ಪತಿ ಅಥವಾ ಪತ್ನಿ, ಸಂಗಾತಿ, ಸೋಂಕಿತ ತಾಯಿಯ ಮಕ್ಕಳು.

6. ಸೋಂಕಿಗೆ ಹೆಚ್ಚು ಗುರಿಯಾಗುವ ಸಂದರ್ಭಗಳಲ್ಲಿ ಬದುಕುವವರು: ಲೈಂಗಿಕ ವೃತ್ತಿಯಲ್ಲಿರುವವರು, ಪುರುಷರೊಡನೆ ಸಂಪರ್ಕವಿರುವ ಪುರುಷರು, ಲೈಂಗಿಕ ಅಲ್ಪಸಂಖ್ಯಾತರು, ಸೂಜಿಯ ಮೂಲಕ ಮಾದಕ ವಸ್ತು ಸೇವಿಸುವವರು. ಮನೆಯಿಂದ ಬಹುಕಾಲ ದೂರವಿರುವ ಲಾರಿ ಚಾಲಕರು ಮತ್ತು ವಲಸೆ ಕಾರ್ಮಿಕರನ್ನೂ ರಾಷ್ಟ್ರೀಯ ಕಾರ್ಯಕ್ರಮವು ಗಮನದಲ್ಲಿರಿಸಿಕೊಂಡಿದೆ. ಇವರಿಗೆ ಒಂದು ಸಲದ ಪರೀಕ್ಷೆ ಸಾಲದು. ನಿಯತ ಕಾಲಕ್ಕೆ ಮರುಪರೀಕ್ಷೆಯ ಸಲಹೆ ಬೇಕು.

7. ಸೂಜಿ ಚುಚ್ಚಿಕೊಂಡ ಆಸ್ಪತ್ರೆ ಸಿಬ್ಬಂದಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು. ಇವರ ವಿಷಯದಲ್ಲಿ ಗಂಟೆಗಳೂ ಮುಖ್ಯ. ಸೋಂಕು ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ, ಸಾಧ್ಯವಾದಷ್ಟೂ ಬೇಗ ಆರಂಭಿಸಿ 28 ದಿನ ಸೇವಿಸಬೇಕಾಗುತ್ತದೆ.

ಇವರಲ್ಲದೆ ತಾನಾಗಿಯೇ ಬಂದು ‘ನನಗೆ ಪರೀಕ್ಷೆ ಬೇಕು’ ಎನ್ನುವ ಯಾರಿಗೇ ಆಗಲಿ, ಕಾರಣ ಕೇಳದೆ ಪರೀಕ್ಷೆ ದೊರೆಯಬೇಕು. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐ.ಸಿ.ಟಿ.ಸಿ., ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಇದು ಉಚಿತ ಹಾಗೂ ಗೋಪ್ಯ.

ಈ ಪಟ್ಟಿಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇಲ್ಲಿರುವುದು ವೈದ್ಯಕೀಯ ಕಾರಣಗಳೇ ಹೊರತು ನಡತೆಯ ಪ್ರಮಾಣಪತ್ರವಲ್ಲ. ‘ಇವನನ್ನು ನೋಡಿದರೆ ಅನುಮಾನ ಬರುತ್ತದೆ’ ಎಂದು ಆರಿಸಿ ಕೇಳಿದರೆ ಕೇಳಿದ್ದೇ ಆರೋಪವಾಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಒಪ್ಪಿದರೂ ಅನುಮಾನ, ನಿರಾಕರಿಸಿದರೂ ಅನುಮಾನ. ಎಲ್ಲ ಗರ್ಭಿಣಿಯರಿಗೂ, ಎಲ್ಲ ಕ್ಷಯರೋಗಿಗಳಿಗೂ ಒಂದೇ ಮಾತು ಹೇಳಿದರೆ ಯಾರ ಮೇಲೂ ಬೆರಳು ತೋರಿಸಿದಂತಾಗುವುದಿಲ್ಲ.

ಎಲ್ಲರಿಗೂ ಏಕೆ ಬೇಡ?

‘ಹಾಗಿದ್ದರೆ ಆಸ್ಪತ್ರೆಗೆ ಬಂದ ಎಲ್ಲರಿಗೂ ಮಾಡಿಬಿಟ್ಟರೆ ಜಗಳವೇ ಇಲ್ಲವಲ್ಲ?’ ಎಂದು ಕೆಲವರು ಕೇಳಬಹುದು. ಅಮೆರಿಕವು ಹೆಚ್ಚು ಕಡಿಮೆ ಇದೇ ದಾರಿ ಹಿಡಿಯಿತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2006ರ ಸೆಪ್ಟೆಂಬರ್‌ನಲ್ಲಿ 13ರಿಂದ 64 ವರ್ಷದೊಳಗಿನ ಎಲ್ಲ ರೋಗಿಗಳಿಗೂ ಈ ಪರೀಕ್ಷೆಯನ್ನು ಮಾಮೂಲು ತಪಾಸಣೆಯ ಭಾಗವಾಗಿ ನಡೆಸಬೇಕೆಂದು ಶಿಫಾರಸು ಮಾಡಿತು. ರೋಗಿಗೆ ಮುಂಚಿತವಾಗಿ ತಿಳಿಸಬೇಕು, ಬೇಡವೆಂದರೆ ಬಿಡಬೇಕು. ಯಾವುದಾದರೂ ಆಸ್ಪತ್ರೆಯ ರೋಗಿಗಳಲ್ಲಿ ಪತ್ತೆಯಾಗದ ಸೋಂಕು ಶೇ. 0.1ಕ್ಕಿಂತ ಕಡಿಮೆ ಎಂದು ದಾಖಲೆಯಿಂದ ಸಿದ್ಧವಾದರೆ ಅಲ್ಲಿ ಈ ಕ್ರಮ ಅನಗತ್ಯ ಎಂದೂ ಹೇಳಲಾಯಿತು. ಅಪಾಯವಿದೆಯೇ ಎಂದು ಕೇಳಿ ಕೇಳಿ ಆರಿಸುವ ಹಳೆಯ ಪದ್ಧತಿಯಲ್ಲಿ ಬಹಳ ಮಂದಿ ತಪ್ಪಿಹೋಗುತ್ತಿದ್ದರು ಎಂಬುದು ಇದರ ಹಿಂದಿನ ಕಾರಣ.

ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ನೀಡಿದ ಮಾರ್ಗದರ್ಶನ ದೇಶದ ಸ್ಥಿತಿಗೆ ತಕ್ಕಂತೆ ಭೇದ ಮಾಡುತ್ತದೆ. ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ ಶೇ. 1ನ್ನು ಮೀರಿ ನಿಂತಿರುವ ದೇಶಗಳಲ್ಲಿ ಯಾವ ಕಾರಣಕ್ಕೆ ಆಸ್ಪತ್ರೆಗೆ ಬಂದವರಿಗೂ ಸಲಹೆ ನೀಡಬೇಕು. ಸೋಂಕು ಕಡಿಮೆಯಿರುವ ಅಥವಾ ಕೆಲವು ಸಮುದಾಯಗಳಲ್ಲಿ ಮಾತ್ರ ಹೆಚ್ಚಿರುವ ದೇಶಗಳಲ್ಲಿ ಗರ್ಭಿಣಿಯರು, ಕ್ಷಯರೋಗಿಗಳು, ಲೈಂಗಿಕ ಸೋಂಕಿನವರು, ಲಕ್ಷಣಗಳಿರುವವರು ಹೀಗೆ ಆಯ್ದು ಸಲಹೆ ನೀಡಬಹುದು. ಭಾರತ ಈ ಎರಡನೆಯ ಗುಂಪಿಗೆ ಸೇರುತ್ತದೆ. 2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಸೋಂಕಿತರಿದ್ದರು. ವಯಸ್ಕರಲ್ಲಿ ಪ್ರಮಾಣ ಶೇ. 0.21. ಸಂಖ್ಯೆಯ ದೃಷ್ಟಿಯಿಂದ ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮ ಕರ್ನಾಟಕದ್ದು ಎಂಬುದನ್ನು ಮರೆಯುವಂತಿಲ್ಲ.

ಲೆಕ್ಕಪರಿಶೋಧಕನಿಗೆ ಈ ವಾದ ಹೊಸದಲ್ಲ. ದೊಡ್ಡ ಸಂಸ್ಥೆಯ ಪ್ರತಿಯೊಂದು ವೋಚರನ್ನೂ ನಾವು ನೋಡುವುದಿಲ್ಲ. ತಪ್ಪು ನುಸುಳುವ ಸಂಭವ ಹೆಚ್ಚಿರುವ ಕಡೆ ಎಲ್ಲವನ್ನೂ ನೋಡಿ, ಉಳಿದೆಡೆ ಆಯ್ದು ನೋಡುತ್ತೇವೆ. ಇನ್ನೊಂದು ಲೆಕ್ಕವನ್ನೂ ಸದಸ್ಯರು ಕಾಗದ ಪೆನ್ಸಿಲ್ ಹಿಡಿದು ಮಾಡಿ ನೋಡಬೇಕು. ಸಾವಿರ ಜನರಲ್ಲಿ ಇಬ್ಬರಿಗೆ ಸೋಂಕಿದೆ ಎನ್ನೋಣ. ಬಳಸುವ ಪರೀಕ್ಷೆ ಬಹಳ ಒಳ್ಳೆಯದು. ಸೋಂಕಿಲ್ಲದ ಇನ್ನೂರು ಜನರಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ‘ಇದೆ’ ಎನ್ನುತ್ತದೆ ಎಂದು ಊಹಿಸಿಕೊಳ್ಳೋಣ. ಸಾವಿರ ಜನರನ್ನು ಪರೀಕ್ಷಿಸಿದರೆ ನಿಜವಾದ ಸೋಂಕಿತರು ಇಬ್ಬರು, ತಪ್ಪಾಗಿ ಗುರುತಾದವರು ಸುಮಾರು ಐವರು! ಕೆಂಪು ಶಾಯಿಯ ಏಳು ಗುರುತುಗಳಲ್ಲಿ ಐದು ಸುಳ್ಳು. ಈ ಕಾರಣಕ್ಕಾಗಿಯೇ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೂರು ಬೇರೆ ಬೇರೆ ಬಗೆಯ ಪರೀಕ್ಷೆಗಳೂ ಹೌದೆಂದ ಮೇಲಷ್ಟೇ ಸೋಂಕು ದೃಢಪಟ್ಟಿತೆಂದು ಹೇಳಲಾಗುತ್ತದೆ. ಪ್ಯಾಕೇಜಿನ ಒಂದೇ ಪರೀಕ್ಷೆಯ ಚೀಟಿ ನಂಬಿ ಮನುಷ್ಯನ ಲೆಕ್ಕ ಚುಕ್ತಾ ಮಾಡಹೊರಡುವುದು ತಾಳೆ ನೋಡದೆ ಖಾತೆ ಮುಗಿಸಿದ ಹಾಗೆ.

ಶಸ್ತ್ರಚಿಕಿತ್ಸೆ ಮತ್ತು ರಕ್ತದಾನ

ಹಲವು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಕೇಳದೆಯೇ ಈ ಪರೀಕ್ಷೆ ನಡೆಸುವ ಅಭ್ಯಾಸವುಂಟು. ವೈದ್ಯರ, ಶುಶ್ರೂಷಕಿಯರ ರಕ್ಷಣೆಗಾಗಿ ಎಂಬುದು ಸಮರ್ಥನೆ. ಆದರೆ ಸೋಂಕು ತಗಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಯಲ್ಲಿ ‘ಇಲ್ಲ’ ಎಂದೇ ಬರಬಹುದು. ಆ ಚೀಟಿಯನ್ನು ನಂಬಿ ಕೈಗವಸು ಬಿಟ್ಟವರಿಗೆ ರಕ್ಷಣೆ ಎಲ್ಲಿಯದು? ಪ್ರತಿಯೊಬ್ಬ ರೋಗಿಯ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಭಾವಿಸಿ ಎಚ್ಚರ ವಹಿಸುವುದೇ ಸರಿಯಾದ ರಕ್ಷಣೆ. ರೋಗಿಯ ಒಳಿತಿಗಾಗಿ ಪರೀಕ್ಷೆಯ ಸಲಹೆ ನೀಡಬಹುದು. ನಿರಾಕರಿಸಿದರೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

ನಮ್ಮಂತಹ ವಾಣಿಜ್ಯ ಸಂಸ್ಥೆಗಳು ರಕ್ತದಾನ ಶಿಬಿರಗಳನ್ನು ನಡೆಸುವುದುಂಟು. ದಾನವಾಗಿ ಬಂದ ರಕ್ತವನ್ನು ಎಚ್.ಐ.ವಿ. ಪರೀಕ್ಷೆಗೆ ಒಳಪಡಿಸುವುದು ಕಡ್ಡಾಯ. ಇನ್ನೊಬ್ಬರ ದೇಹ ಸೇರುವ ರಕ್ತವಾದ್ದರಿಂದ ಇದು ಸಹಜ. ಆದರೆ ‘ಪುಕ್ಕಟೆ ಪರೀಕ್ಷೆಯಾಗಲಿ’ ಎಂಬ ಉದ್ದೇಶದಿಂದ ಯಾರೂ ರಕ್ತ ಕೊಡಬಾರದು. ಮೇಲೆ ಹೇಳಿದ ಆರಂಭದ ವಾರಗಳಲ್ಲಿ ಕೊಟ್ಟ ರಕ್ತ ಪರೀಕ್ಷೆಯ ಕಣ್ಣು ತಪ್ಪಿಸಿ ಇನ್ನೊಬ್ಬರಿಗೆ ಹಾನಿ ಮಾಡಬಹುದು. ಶಿಬಿರ ನಡೆಸುವವರು ಇದನ್ನು ದಾನಿಗಳಿಗೆ ತಿಳಿಹೇಳುವುದು ಕರ್ತವ್ಯ.

ಕಾನೂನು ಏನನ್ನುತ್ತದೆ?

1997ರಷ್ಟು ಹಿಂದೆಯೇ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಸಾರ್ವಜನಿಕ ಉದ್ಯಮವೊಂದರ ಹಂಗಾಮಿ ಕಾರ್ಮಿಕನ ಪ್ರಕರಣ ಬಂದಿತ್ತು. ಕೆಲಸಕ್ಕೆ ದೇಹದಾರ್ಢ್ಯ ಇದ್ದರೂ ಎಚ್.ಐ.ವಿ. ಇದೆ ಎಂಬ ಒಂದೇ ಕಾರಣಕ್ಕೆ ಆತನ ಹೆಸರನ್ನು ಕೈಬಿಡಲಾಗಿತ್ತು. ಕೆಲಸ ಮಾಡಬಲ್ಲ ವ್ಯಕ್ತಿಯನ್ನು ಸೋಂಕಿನ ಕಾರಣದಿಂದಷ್ಟೇ ಹೊರಗಿಡುವುದು ಸಂವಿಧಾನ ವಿರುದ್ಧ ಎಂದು ನ್ಯಾಯಾಲಯ ತೀರ್ಪಿತ್ತಿತು.

ಇಂದು ಇದಕ್ಕೆ ಪ್ರತ್ಯೇಕ ಶಾಸನವೇ ಇದೆ. ಎಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ಎಂಬುದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಉದ್ಯಮಿಗಳಿಗೆ ಸಂಬಂಧಿಸಿದ ಮುಖ್ಯಾಂಶಗಳು ಇವು:

ಮೊದಲನೆಯದಾಗಿ, ‘ನಮ್ಮದು ಸಣ್ಣ ವ್ಯವಹಾರ, ನಮಗೆ ಅನ್ವಯಿಸದು’ ಎನ್ನುವಂತಿಲ್ಲ. ಕಂಪನಿ, ಸಹಕಾರ ಸಂಘಗಳಷ್ಟೇ ಅಲ್ಲ, ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ ಹನ್ನೆರಡು ತಿಂಗಳು ಅಥವಾ ಹೆಚ್ಚು ಕಾಲ ಸರಕು ಸೇವೆಗಳ ವ್ಯವಹಾರ ನಡೆಸಿದರೂ ಅದು ಕಾಯ್ದೆಯ ದೃಷ್ಟಿಯಲ್ಲಿ ‘ಸಂಸ್ಥೆ’. ಇಬ್ಬರೇ ಪಾಲುದಾರರ ಅಂಗಡಿಯೂ ಇದರೊಳಗೆ ಬರುತ್ತದೆ.

ಎರಡನೆಯದಾಗಿ, ಉದ್ಯೋಗಕ್ಕಾಗಲಿ, ಚಿಕಿತ್ಸೆಗಾಗಲಿ, ಶಿಕ್ಷಣಕ್ಕಾಗಲಿ ಎಚ್.ಐ.ವಿ. ಪರೀಕ್ಷೆಯನ್ನು ಪೂರ್ವಷರತ್ತಾಗಿ ವಿಧಿಸುವುದು ನಿಷಿದ್ಧ.

ಮೂರನೆಯದಾಗಿ, ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಕೂಡದು; ಪರೀಕ್ಷೆಗೆ ಮುನ್ನ ಮತ್ತು ನಂತರ ಆಪ್ತ ಸಮಾಲೋಚನೆ ನಡೆಯಬೇಕು. ನ್ಯಾಯಾಲಯದ ಆದೇಶ, ಪರವಾನಗಿ ಪಡೆದ ರಕ್ತನಿಧಿ, ಅಂಗಾಂಶ ಇತ್ಯಾದಿಗಳ ದಾನ, ಹೆಸರಿಲ್ಲದೆ ನಡೆಸುವ ಸಮೀಕ್ಷೆ ಇವು ಮಾತ್ರ ಒಪ್ಪಿಗೆಗೆ ಇರುವ ವಿನಾಯಿತಿಗಳು. ಕಾರ್ಖಾನೆಯ ವಾರ್ಷಿಕ ತಪಾಸಣೆ ಈ ಪಟ್ಟಿಯಲ್ಲಿಲ್ಲ.

ನಾಲ್ಕನೆಯದಾಗಿ, ಸೋಂಕಿನ ಕಾರಣದಿಂದ ಕೆಲಸದಿಂದ ತೆಗೆಯುವಂತಿಲ್ಲ. ಸಹೋದ್ಯೋಗಿಗಳಿಗೆ ಗಣನೀಯ ಅಪಾಯವಿದೆ ಅಥವಾ ಕೆಲಸಕ್ಕೆ ಅಸಮರ್ಥರು ಎಂದು ಅರ್ಹ, ಸ್ವತಂತ್ರ ವೈದ್ಯರ ಲಿಖಿತ ಅಭಿಪ್ರಾಯವನ್ನೂ, ಅನುಕೂಲ ಕಲ್ಪಿಸಲು ತಮಗಿರುವ ತೊಂದರೆಯ ಲಿಖಿತ ವಿವರಣೆಯನ್ನೂ ಕೊಟ್ಟ ಹೊರತು ಅದು ತಾರತಮ್ಯವೇ ಆಗುತ್ತದೆ. ಒಂದೇ ಲೇತ್ ಬಳಸುವುದರಿಂದ, ಒಂದೇ ಲೋಟದಲ್ಲಿ ಚಹಾ ಕುಡಿಯುವುದರಿಂದ, ಒಂದೇ ಶೌಚಾಲಯದಿಂದ ಈ ಸೋಂಕು ಹರಡದು. ಆದುದರಿಂದ ಸಾಮಾನ್ಯ ಕಾರ್ಖಾನೆಯಲ್ಲಿ ಅಂತಹ ಅಭಿಪ್ರಾಯಕ್ಕೆ ಆಧಾರವೇ ಇರುವುದಿಲ್ಲ.

ಐದನೆಯದಾಗಿ, ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು, ಆರೋಗ್ಯ ಸಂಸ್ಥೆಗಳಾದರೆ ಇಪ್ಪತ್ತು ಅಥವಾ ಹೆಚ್ಚು ಜನರಿರುವವು, ದೂರು ಅಧಿಕಾರಿಯೊಬ್ಬರನ್ನು ಗೊತ್ತುಪಡಿಸಬೇಕು. ಕಾಯ್ದೆಯನ್ವಯ ನೇಮಕವಾಗುವ ಓಂಬುಡ್ಸ್‌ಮನ್ ನೀಡಿದ ಆದೇಶ ಪಾಲಿಸದಿದ್ದರೆ 10,000 ರೂಪಾಯಿಗಳವರೆಗೆ, ಮುಂದುವರಿದರೆ ದಿನಕ್ಕೆ 5,000 ರೂಪಾಯಿಗಳವರೆಗೆ ದಂಡವಿದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಪ್ರಯೋಗಾಲಯದೊಡನೆ ಆರೋಗ್ಯ ತಪಾಸಣೆಯ ಒಪ್ಪಂದ ಮಾಡಿಕೊಳ್ಳುವಾಗ ಪರೀಕ್ಷೆಗಳ ಪಟ್ಟಿಯನ್ನು ಸಾಲು ಸಾಲಾಗಿ ಓದಬೇಕು. ಎಚ್.ಐ.ವಿ. ಇದ್ದರೆ ತೆಗೆಸಬೇಕು, ಪ್ಯಾಕೇಜಿನ ಬೆಲೆ ಅದರಿಂದ ಇಳಿಯದಿದ್ದರೂ ಸರಿಯೇ.

ಯಾವುದೇ ತಪಾಸಣೆಯ ವೈಯಕ್ತಿಕ ವರದಿ ಕಾರ್ಮಿಕರ ಕೈಗೇ ಹೋಗಬೇಕು. ಲೆಕ್ಕ ವಿಭಾಗಕ್ಕೆ ಬೇಕಾದದ್ದು ತಪಾಸಣೆಗೆ ಒಳಗಾದವರ ಸಂಖ್ಯೆ, ದರ, ಮೊತ್ತ ಇಷ್ಟೇ. ವೈದ್ಯಕೀಯ ವೆಚ್ಚದ ಮರುಪಾವತಿ ಬಿಲ್ಲುಗಳಲ್ಲೂ ರೋಗದ ಹೆಸರು, ಔಷಧಿಯ ಹೆಸರು ಇರುತ್ತದೆ. ಅವುಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಒಬ್ಬ ಜವಾಬ್ದಾರಿಯುತ ಅಧಿಕಾರಿಯ ಬಳಿ ಇರಿಸಿ, ವೋಚರಿಗೆ ಅವರ ದೃಢೀಕರಣ ಮಾತ್ರ ಲಗತ್ತಿಸಿದರೆ ಸಾಕು. ಲೆಕ್ಕಪರಿಶೋಧಕರಿಗೆ ಇದರಿಂದ ಯಾವ ಕೊರತೆಯೂ ಆಗದು. ಸೋಂಕಿಗೆ ಸಂಬಂಧಿಸಿದ ದಾಖಲೆ ಇರಿಸಿಕೊಳ್ಳುವ ಸಂಸ್ಥೆ ಅದನ್ನು ಸುರಕ್ಷಿತವಾಗಿಡಬೇಕೆಂಬುದು ಕಾಯ್ದೆಯ ಕಟ್ಟಳೆಯೂ ಹೌದು.

ಕಾರ್ಮಿಕರು ಆಸ್ಪತ್ರೆಗೆ ಹೋಗಲು ಅರ್ಧ ದಿನದ ರಜೆ ಕೇಳಿದರೆ ಕಾರಣ ಕೆದಕದೆ ಕೊಡುವ ವ್ಯವಸ್ಥೆ ಇರಲಿ. ಎ.ಆರ್.ಟಿ. ಪಡೆಯುವವರು ನಿಯತವಾಗಿ ಕೇಂದ್ರಕ್ಕೆ ಹೋಗಿ ಔಷಧಿ ತರಬೇಕಾಗುತ್ತದೆ; ಸಂಬಳ ಕಡಿತದ ಭಯಕ್ಕೆ ಔಷಧಿ ತಪ್ಪಿದರೆ ನಷ್ಟ ಎಲ್ಲರಿಗೂ. ಸೂಚನಾ ಫಲಕದಲ್ಲಿ ಹತ್ತಿರದ ಐ.ಸಿ.ಟಿ.ಸಿ. ವಿಳಾಸವನ್ನೂ ಉಚಿತ ಸಹಾಯವಾಣಿ 1097ನ್ನೂ ಹಾಕಬಹುದು. ಬಹುದಿನ ಕೆಮ್ಮುವ ಕೆಲಸಗಾರನನ್ನು ಕ್ಷಯ ತಪಾಸಣೆಗೆ ಹೋಗುವಂತೆ ಒತ್ತಾಯಿಸಿ. ಅಲ್ಲಿಗೆ ಹೋದರೆ ಉಳಿದ ಸಲಹೆಯನ್ನು ಹೇಳಬೇಕಾದವರೇ ಹೇಳುತ್ತಾರೆ.

ಮೊದಲು ಹೇಳಿದ ಕಾರ್ಖಾನೆಯ ಮಾತಿಗೆ ಬರುತ್ತೇನೆ. ಆ ಪಟ್ಟಿಯನ್ನು ಮಾಲೀಕರು ವೋಚರಿನಿಂದ ಬೇರ್ಪಡಿಸಿದರು. ನಡೆದ ತಪ್ಪನ್ನು ಮುಚ್ಚಿಡುವಂತೆಯೂ ಇರಲಿಲ್ಲ, ಆ ಮನುಷ್ಯನಿಗೆ ತಿಳಿಸದೆ ಬಿಡುವಂತೆಯೂ ಇರಲಿಲ್ಲ. ತಮಗೆ ಪರಿಚಿತರಾದ ವೈದ್ಯರೊಬ್ಬರ ಮೂಲಕ, ಅವರ ಕೊಠಡಿಯಲ್ಲಿ, ಆತನಿಗೆ ನಡೆದದ್ದನ್ನು ಹೇಳಿಸಿ ಕ್ಷಮೆ ಕೋರಿದರು. ಸರಕಾರಿ ಕೇಂದ್ರದಲ್ಲಿ ಸರಿಯಾದ ಪರೀಕ್ಷೆ ಮಾಡಿಸಿಕೊಳ್ಳುವಂತೆ ವೈದ್ಯರು ಸಲಹೆ ನೀಡಿದರು. ಗುಮಾಸ್ತರಿಂದಲೂ ನನ್ನ ವಿದ್ಯಾರ್ಥಿಯಿಂದಲೂ ವಿಷಯವನ್ನು ಎಲ್ಲೂ ಎತ್ತುವುದಿಲ್ಲವೆಂಬ ಮಾತು ಪಡೆದೆವು. ಆತ ಕೇಂದ್ರಕ್ಕೆ ಹೋದರೇ, ಅಲ್ಲಿನ ಫಲಿತಾಂಶ ಏನಾಯಿತು ಎಂಬುದನ್ನು ಮಾಲೀಕರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದು ನಮಗೆ ಸೇರಿದ ವಿಷಯವಲ್ಲ. ಮರುವರ್ಷ ವೇತನ ಪಟ್ಟಿಯನ್ನು ಪರಿಶೀಲಿಸುವಾಗ ಆ ಹೆಸರು ತನ್ನ ಕ್ರಮಸಂಖ್ಯೆಯಲ್ಲೇ ಇತ್ತು. ವಾರ್ಷಿಕ ಬಡ್ತಿಯೂ ಸೇರಿತ್ತು. ನಾನು ತಿಳಿಯಬೇಕಾದದ್ದು ಅಷ್ಟೇ ಆಗಿತ್ತು.